ಹಳಿಯ ಎರಡೂ ಬದಿಯ ಗಿಡ

ಅಲ್ಮಾಟಿ
ಮಾರ್ಚ್ 11

ಅಪಾ,

ಕ್ಷೇಮವಾಗಿ ತಲುಪಿದೆವು. ದಾರಿಯಲ್ಲಿ ಮಗು ತೊರ್ಗಿನ್‌ಗೆ ಎರಡು ಸಲ ಮೂರ್ಛೆಯ ಸೆಳವು ಬಂತು. ನಮ್ಮ ರೈಲು ಬೋಗಿಯ ಉಸ್ತುವಾರಿ ಹೆಂಗಸು ಬಿಬಿನೂರ್ ತನ್ನ ಕೋಣೆಯ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಮೇಲೆ "ನಿಮ್ಮತ್ತೆ ಬೌರ್ಸಾಕ್ ಬಹಳ ಚೆನ್ನಾಗಿ ಕರೀತಾರಲ್ಲಾ, ಹಾಸಿಗೆ ಬಾಡಿಗೆ ಅಂತ ತಗೋತೀನಿ" ಎಂದು ಅರ್ಧ ಚೀಲ ಖಾಲಿ ಮಾಡಿದಳು. ಫೋನಿನಲ್ಲಿ ಕೂಗಿದರೂ ನಿಮಗೆ ಕೇಳಿಸುವುದಿಲ್ಲ. ಇನ್ನು ಮುಂದೆ ಇವಳ ಕೈಯಲ್ಲೇ ಕಾಗದ ಕಳಿಸುತ್ತೇನೆ. ನೀವು ಏನಾದರೂ ಕಳಿಸುವುದಿದ್ದರೆ ರೈಲು ನಿಂತಾಗ ಅವಳಿಗೇ ಕೊಡಿ.

ನಾವು ಹೊರಡುವಾಗ ನೀವು ಹೊರಗೆ ಬರಲಿಲ್ಲ. ಬೌರ್ಸಾಕ್ ಚೀಲ ಮಾತ್ರ ಬಾಗಿಲ ಹಿಡಿಗೆ ತೂಗುತ್ತಿತ್ತು. ಪದ್ಧತಿಯಂತೆ ಚೊಚ್ಚಲ ಮಗುವನ್ನು ನಿಮ್ಮ ಮಡಿಲಿಗೆ ಹಾಕಿದವಳು ನಾನೇ, ಹಾಗೆ ಕೊಟ್ಟದ್ದನ್ನು ಮತ್ತೆ ಕೇಳಬಾರದು ಎಂಬುದು ನನಗೆ ಗೊತ್ತು. ಇಲ್ಲಿ ಆಸ್ಪತ್ರೆಯ ಔಷಧ ಪರೀಕ್ಷೆಗೆ ಹೆತ್ತವಳ ಸಹಿಯೇ ಬೇಕಂತೆ, ಅದಕ್ಕಾಗಿ ನಾನು ಕರೆತಂದೆ. ಕಿತ್ತುಕೊಂಡು ಬರಲಿಲ್ಲ. ಅವಳು ಈಗಲೂ ನನ್ನನ್ನು ಮಕಾ ಎಂದು ಹೆಸರು ಹಿಡಿದೇ ಕರೆಯುತ್ತಾಳೆ. ದಾದಿಯರು ಇದೇನೆಂದು ನಗುತ್ತಾರೆ. ಅವರಿಗೆ ವಿವರಿಸಲು ಹೋಗಲಿಲ್ಲ.

ಡಾಕ್ಟರ್ ಸೌಲೆ ಹೇಳಿದ್ದನ್ನು ನಿಮಗೆ ಬರೆಯಲೇಬೇಕು. ಪರೀಕ್ಷಿಸುತ್ತಿರುವ ಎಣ್ಣೆ, ನಿಮ್ಮ ಮಗನನ್ನು ಪೊಲೀಸರು ಕರೆದೊಯ್ದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಹೆಸರೆತ್ತದ ಆ ಗಿಡದಿಂದ ತೆಗೆದದ್ದು. ಭಂಗಿಯದು. ಹೊರದೇಶದಲ್ಲಿ ಬೆಳೆಸಿ, ಅಮಲು ಬರಿಸುವ ಅಂಶವನ್ನು ಬೇರ್ಪಡಿಸಿ, ಸಣ್ಣ ಬಾಟಲಿಯಲ್ಲಿ ಕಳಿಸುತ್ತಾರೆ. ಅರ್ಧ ಮಕ್ಕಳಿಗೆ ಅದು ಸಿಗುತ್ತದೆ, ಉಳಿದ ಅರ್ಧ ಮಕ್ಕಳಿಗೆ ಬರೀ ಎಳ್ಳೆಣ್ಣೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ತಿಳಿಯದು. ಆದರೆ ಪರೀಕ್ಷೆ ಮುಗಿದ ಮೇಲೆ, ಸೇರಿದ ಎಲ್ಲ ಮಕ್ಕಳಿಗೂ ನಿಜವಾದ ಔಷಧವನ್ನು ಬೇಕಾದಷ್ಟು ವರ್ಷ ಬಿಟ್ಟಿಯಾಗಿ ಕೊಡುತ್ತಾರೆ. ಹಾಗಾಗಿ ಒಳಗೆ ಸೇರುವುದೇ ಮುಖ್ಯ.

"ಮೊದಲು ಕೆಲವು ವಾರ ನಾವು ಸುಮ್ನೆ ನೋಡ್ತೀವಿ, ಸೆಳವು ಎಷ್ಟು ಬರುತ್ತೆ, ಹೇಗೆ ಬರುತ್ತೆ ಅಂತ" ಎಂದರು. "ಆಗ ಬೇರೆ ಔಷಧ ಬೇಡ. ಬೇರು ಬೇಡ, ಸೊಪ್ಪು ಬೇಡ, ಮುಲ್ಲಾ ಮಂತ್ರಿಸಿದ ನೀರು ಬೇಕಾದ್ರೆ ಕುಡಿಸಿ. ಊಟಕ್ಕೇನೂ ತಡೆಯಿಲ್ಲ."

ನಾನು ಸಹಿ ಹಾಕಿದ್ದೇನೆ.

ನಿಮ್ಮ ಸೊಸೆ
ಮಕ್ಪಾಲ್


ತಾಸ್‌ಕುದುಕ್
ಮಾರ್ಚ್ 19

ಮಕ್ಪಾಲ್‌ಗೆ,

ಹೊರಗೆ ಬರಲಿಲ್ಲ ಅಂತ ಬರೆದಿದ್ದೀಯ. ಕಿವಿ ಕೇಳದವಳಿಗೆ ನಿಲ್ದಾಣಕ್ಕೆ ಕಾರು ಹೊರಟದ್ದು ಹೇಗೆ ತಿಳಿಯಬೇಕು? ಅಷ್ಟೇ ಅಂತ ತಿಳಿದುಕೋ.

ಅರ್ಧ ಮಕ್ಕಳಿಗೆ ಎಳ್ಳೆಣ್ಣೆ ಕೊಡುತ್ತಾರೋ? ಎಳ್ಳೆಣ್ಣೆ ಕುಡಿಸಲು ಅಷ್ಟು ವರ್ಷ ಓದಿ ಬಿಳಿ ಕೋಟು ತೊಡಬೇಕೋ? ಇರಲಿ. ನೀನು ಸಹಿ ಹಾಕಿದ್ದೀಯ, ನಾನು ಬಾಯಿ ಹಾಕುವುದಿಲ್ಲ. ನೌರುಜ್ ಹಬ್ಬಕ್ಕೆ ಈ ಮನೆಯಲ್ಲಿ ಮಗು ಇಲ್ಲದಿರುವುದು ಇದೇ ಮೊದಲು. ಹಬ್ಬದ ಗಂಜಿ ಮಾಡಿ ನೆರೆಯವರಿಗೆ ಹಂಚಿಬಿಡುತ್ತೇನೆ.

ಬಿಬಿನೂರ್ ಕೈಯಲ್ಲಿ ಒಂದು ಜಾಡಿ ಕಳಿಸಿದ್ದೇನೆ. ಕುರಿಯ ಬಾಲದ ಕೊಬ್ಬು, ಜೇನು ಬೆರೆಸಿ ಕಾಯಿಸಿದ್ದು. ಕೆಮ್ಮಿಗೆ ಅಂತ ಒಂದಿಷ್ಟು ಸೊಪ್ಪುಸದೆಯೂ ಬಿದ್ದಿದೆ, ಬಣ್ಣ ನೋಡಿ ಹೆದರಬೇಡ. ಮಲಗುವ ಮುಂಚೆ ಒಂದು ಚಮಚ, ಬಿಸಿ ಚಹಾದಲ್ಲಿ ಕರಗಿಸಿ ಕೊಡು. ಚಳಿಗಾಲವಿಡೀ ನಾನು ಹಾಗೆಯೇ ಕೊಟ್ಟಿದ್ದೇನೆ. ಇದು ಔಷಧವಲ್ಲ, ಊಟ. ಊಟಕ್ಕೆ ತಡೆಯಿಲ್ಲ ಅಂತ ನಿನ್ನ ಡಾಕ್ಟರೇ ಹೇಳಿದ್ದಾಳೆ.

ಹಿರಿಯರ ಕೈಯಿಂದ ಬಂದ ಬಟ್ಟಲಲ್ಲಿ ಏನಿದೆ ಅಂತ ನಮ್ಮ ಕಡೆಯ ಸೊಸೆಯಂದಿರು ಕೇಳಿದ್ದಿಲ್ಲ. ನೀನೂ ಕೇಳಬೇಡ.

ಉರ್ಕಿಯಾ


ಅಲ್ಮಾಟಿ
ಏಪ್ರಿಲ್ 8

ಅಪಾ,

ಜಾಡಿ ಒಡೆಯದೆ ಬಂತು. ನೀವು ಹೇಳಿದಂತೆ ಪ್ರತಿ ರಾತ್ರಿ ಕೊಡುತ್ತಿದ್ದೇನೆ. ಮೊದಲ ದಿನ ಮುಚ್ಚಳ ತೆಗೆದೊಡನೆ ಕಿಟಕಿಯನ್ನೂ ತೆರೆದೆ. ವಾರ್ಡಿನಲ್ಲಿ ಬೇರೆ ತಾಯಂದಿರೂ ಇದ್ದಾರೆ, ಕುರಿಕೊಬ್ಬಿನ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಪಕ್ಕದ ಹಾಸಿಗೆಯ ಹುಡುಗನ ತಾಯಿ ಲ್ಯುದಾ, "ಏನೇ, ಮಂಚದ ಕೆಳಗೆ ಕುರಿನೇ ಕಟ್ಟಿದೀಯಾ?" ಎಂದಳು. "ಹೌದು, ಬಾಲ ಮಾತ್ರ ಕಾಣ್ತಾ ಇದೆ" ಎಂದೆ. ಈಗ ದಿನವೂ ಕಿಟಕಿ ತೆರೆದೇ ಕೊಡುತ್ತೇನೆ.

ಅಪಾ, ಅವಳಿಗೆ ಸೆಳವು ಕಡಿಮೆಯಾಗಿದೆ. ಒಂದೊಂದು ದಿನ ಬರುವುದೇ ಇಲ್ಲ. ಬೆಳಿಗ್ಗೆ ಏಳುವುದು ತಡ, ಕಣ್ಣು ಭಾರ, ಆದರೆ ಎದ್ದ ಮೇಲೆ ಎದುರಿಗಿದ್ದವರನ್ನು ನೋಡುತ್ತಾಳೆ. ನೆನ್ನೆ ಕಿಟಕಿಯ ಕಟ್ಟೆಗೆ ಪಾರಿವಾಳ ಬಂದು ಕೂತಿತ್ತು. ಅದಕ್ಕೆ ಬೆರಳು ತೋರಿಸಿ, "ಮಕಾ, ಅದಕ್ಕೆ ಹಸಿವು" ಎಂದಳು. ಮೂರು ಪದ. ಕಳೆದ ವರ್ಷದ ಬೇಸಿಗೆಯ ನಂತರ ಅವಳ ಬಾಯಿಂದ ಇಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ. ನೀವು ಕೇಳಿದ್ದೀರೋ ಏನೋ. ನಿಮ್ಮ ಜೊತೆ ಇದ್ದಳಲ್ಲ.

ಡಾಕ್ಟರ್ ಸೌಲೆಗೆ ಮಾತ್ರ ಇದು ಹಿಡಿಸಿದಂತಿಲ್ಲ. "ಔಷಧ ಇನ್ನೂ ಶುರುನೇ ಮಾಡಿಲ್ಲ, ಇದೇನಿದು?" ಎಂದು ಎರಡು ಸಲ ಕೇಳಿದರು. ಅಲ್ಮಾಟಿಯ ಗಾಳಿ ಹಿಡಿಸಿರಬೇಕು ಎಂದೆ. "ಅಲ್ಮಾಟಿಯ ಗಾಳಿ ಯಾರಿಗೂ ಹಿಡಿಸಿದ್ದು ನಾನು ಕೇಳಿಲ್ಲ" ಎಂದರು. ಸೋಮವಾರ ಎಲ್ಲ ಮಕ್ಕಳ ರಕ್ತವನ್ನೂ ತೆಗೆಯುತ್ತಾರೆ. ಅದು ಮುಗಿದರೆ ಆ ವಾರವೇ ಬಾಟಲಿ ಕೈಗೆ ಬರುತ್ತದೆ.

ನಿಮ್ಮ ಸೊಸೆ
ಮಕ್ಪಾಲ್


ತಾಸ್‌ಕುದುಕ್
ಏಪ್ರಿಲ್ 17

ಮಕ್ಪಾಲ್‌ಗೆ,

ಪಾರಿವಾಳದ ಸಾಲನ್ನು ನೆರೆಮನೆಯ ಶರ್ವಾನ್‌ಗೆ ಓದಿ ಹೇಳಿದೆ. ಅವಳು ಅತ್ತಳು. ನಾನು ಅಳಲಿಲ್ಲ, ಓದುತ್ತಿದ್ದವಳು ನಾನಲ್ಲವೇ.

ಹಸಿದ ಹಕ್ಕಿಗೆ ಅವಳ ಕೈಯಿಂದಲೇ ರೊಟ್ಟಿ ಹಾಕಿಸು. ಎರಡನೇ ಜಾಡಿ ಕಳಿಸಿದ್ದೇನೆ, ಇದು ಇನ್ನೂ ಗಟ್ಟಿ. ಅರ್ಧ ಚಮಚ ಸಾಕು. ಮಿಗಿಸಬೇಡ, ಬೇರೆ ಮಕ್ಕಳಿಗೆ ಕೊಡಬೇಡ.

ಅವಳು ರಾತ್ರಿ ನನ್ನನ್ನು ಕೇಳುತ್ತಾಳಾ? ಕೇಳದಿದ್ದರೆ ಬರೆಯಬೇಡ.

ಉರ್ಕಿಯಾ


ಅಲ್ಮಾಟಿ
ಏಪ್ರಿಲ್ 29

ಅಪಾ,

ತೊರ್ಗಿನ್‌ಳನ್ನು ಪರೀಕ್ಷೆಯಿಂದ ಹೊರಗಿಟ್ಟಿದ್ದಾರೆ.

ಡಾಕ್ಟರ್ ಸೌಲೆ ನನ್ನನ್ನು ಒಬ್ಬಳನ್ನೇ ಕರೆದು ಬಾಗಿಲು ಹಾಕಿದರು. "ಮಗುವಿನ ರಕ್ತದಲ್ಲಿ ಗಾಂಜಾ ಇದೆ. ಒಂದು ಸಲ ಸೇರಿದ್ದಲ್ಲ, ತಿಂಗಳಿಂದ ಸೇರ್ತಾ ಇರೋದು" ಎಂದರು. "ಎಲ್ಲಿಂದ ಬಂತು?" ಎಂದರು. ನಿಮ್ಮ ಹೆಸರು ನನ್ನ ಬಾಯಿಂದ ಬರಲಿಲ್ಲ. ಹೇಗಿದ್ದರೂ ಅತ್ತೆಯ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲವಲ್ಲ.

"ನಮ್ಮ ಕಡೆ ಆಡುಗಳು ಅದನ್ನೇ ಮೇಯ್ತವೆ ಡಾಕ್ಟ್ರೇ. ಹಾಲಲ್ಲಿ ಬಂದಿರ್ಬೇಕು."

"ಇಷ್ಟೊಂದು ಮೇಯ್ದ ಆಡು ಹಾಲು ಕೊಡಲ್ಲಮ್ಮಾ, ಹಾಡು ಹೇಳುತ್ತೆ" ಎಂದರು. ನಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನಾನು ಪೊಲೀಸರಿಗೆ ಬರೆಯಲ್ಲ. ಆದ್ರೆ ಕಂಪನಿಗೆ ಬರೀಲೇಬೇಕು. ಮೊದಲೇ ರಕ್ತದಲ್ಲಿ ಅದು ಇದ್ರೆ, ನಮ್ಮ ಔಷಧ ಏನು ಮಾಡ್ತು, ಅದು ಏನು ಮಾಡ್ತು ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಕಣಿವೇಲಿ ಬೆಳೆಯೋದ್ರಲ್ಲಿ ಅಮಲಿನ ಅಂಶ ಜಾಸ್ತಿ. ಆರು ವರ್ಷದ ಮಿದುಳಿಗೆ ಅದನ್ನ ಕೊಡ್ತಾರಾ?"

"ಸೆಳವು ಕಡಿಮೆಯಾಗಿತ್ತು" ಎಂದೆ.

"ಗೊತ್ತು" ಎಂದರು. "ಕಡಿಮೆ ಆಗಿದ್ದಕ್ಕೇ ನನಗೆ ಅನುಮಾನ ಬಂದಿದ್ದು."

ಅವಳ ಜಾಗವನ್ನು ಕಾರಗಂಡಿಯಿಂದ ಬಂದ ಹುಡುಗಿಗೆ ಕೊಟ್ಟಿದ್ದಾರೆ. ಶರತ್ಕಾಲಕ್ಕೆ ಇನ್ನೊಂದು ತಂಡವನ್ನು ಸೇರಿಸಿಕೊಳ್ಳುವ ಮಾತಿದೆಯಂತೆ. ಅಷ್ಟರೊಳಗೆ ರಕ್ತ ಪೂರ್ತಿ ತಿಳಿಯಾಗಿದ್ದರೆ ಮತ್ತೆ ಕೇಳಬಹುದು. ನಾನು ಊರಿಗೆ ಬರುವುದಿಲ್ಲ. ರೊಟ್ಟಿ ಅಂಗಡಿಯೊಂದರಲ್ಲಿ ಕೆಲಸ ಹಿಡಿದು, ಅದರ ಹಿಂದಿನ ಕೋಣೆಯಲ್ಲೇ ಅವಳನ್ನು ಇಟ್ಟುಕೊಂಡಿರುತ್ತೇನೆ. ತಂದೂರಿನ ಗೋಡೆ ಬೆಚ್ಚಗಿರುತ್ತದೆ.

ಎರಡನೇ ಜಾಡಿ ಈ ಮಾತಿನ ಮರುದಿನ ಬಂತು. ಬಚ್ಚಲ ಗುಂಡಿಗೆ ಸುರಿದೆ. ಕೊಬ್ಬು ಕೊಳವೆಯೊಳಗೆ ಹೆಪ್ಪುಗಟ್ಟಿ ಇಡೀ ಮಹಡಿಯ ನೀರು ನಿಂತುಹೋಯಿತು. ಕೊಳವೆ ಬಿಚ್ಚಿದ ಮುದುಕ ಮೂಸಿ ನೋಡಿ ನನ್ನ ಮುಖ ನೋಡಿದ.

ಇನ್ನು ಜಾಡಿ ಕಳಿಸಬೇಡಿ.

ಮಕ್ಪಾಲ್


ತಾಸ್‌ಕುದುಕ್
ಮೇ 14

ಮಕ್ಪಾಲ್‌ಗೆ,

ನಿನ್ನ ಕಾಗದವನ್ನು ಬಿಬಿನೂರ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಓದಿದ್ದಾಳೆ ಅಂತ ಕಾಣುತ್ತದೆ. ಓದಲಿ.

ಅವರು ಕೊಡಬೇಕೆಂದಿದ್ದುದೂ ಆ ಗಿಡದ್ದೇ, ನಾನು ಕೊಟ್ಟದ್ದೂ ಆ ಗಿಡದ್ದೇ. ನಮ್ಮ ಬೇಲಿಯಾಚೆ ಬೆಳೆದರೆ ಅಪರಾಧ, ಬಾಟಲಿಯಲ್ಲಿ ಹಡಗು ಹತ್ತಿ ಬಂದರೆ ಔಷಧ. ಇದನ್ನು ನನಗೆ ಅರ್ಥ ಮಾಡಿಸುವವರು ಇನ್ನೂ ಹುಟ್ಟಿಲ್ಲ. ಮಿದುಳಿಗೆ ಒಳ್ಳೆಯದಲ್ಲ ಅಂತಾಳೆ ನಿನ್ನ ಡಾಕ್ಟರ್. ಇರಬಹುದು. ಕಳೆದ ಚಳಿಗಾಲದಲ್ಲಿ ಒಂದು ಸಲ ಕೈ ಹೆಚ್ಚಾಗಿ, ಮಗು ಮರುದಿನ ಸಂಜೆಯವರೆಗೂ ಏಳಲಿಲ್ಲ. ಮೂಗಿನ ಹತ್ತಿರ ಕನ್ನಡಿ ಹಿಡಿದುಕೊಂಡು ಕೂತಿದ್ದೆ. ಆದರೆ ನೆಲಕ್ಕೆ ಬಡಿದುಕೊಳ್ಳುವ ತಲೆಗೆ ಕೈ ಕೊಟ್ಟು ಕೂತವಳು ಅವಳಲ್ಲ, ನಾನು. ಆ ತಲೆಯ ಪೆಟ್ಟು ಮಿದುಳಿಗೆ ಒಳ್ಳೆಯದೋ ಅಂತ ಕೇಳು ಅವಳನ್ನು.

ನಿನ್ನ ಕಾಗದದ ತುಂಬ ನಾನು ತಪ್ಪಿತಸ್ಥೆ. ಬರೆದಿಲ್ಲ ನೀನು, ಆದರೂ ಇದೆ. ಸರಿ, ಹೊರುತ್ತೇನೆ, ಬೆನ್ನು ಗಟ್ಟಿಯಿದೆ. ಆದರೆ ಒಂದು ಮಾತು. ನೀನು ಕಿಟಕಿ ತೆರೆದೆ. ನೀನೇ ಬರೆದಿದ್ದೀಯ. ಆ ಗಿಡದ ವಾಸನೆ ಹತ್ತಿದ ನನ್ನ ಮಗ ಸಾಬಿಟ್‌ನ ಅಂಗಿ ಅಷ್ಟು ವರ್ಷ ಒಗೆದವಳು ನೀನು. ಕುರಿಕೊಬ್ಬಿನ ವಾಸನೆಗೆ ಕಿಟಕಿ ತೆರೆಯುವ ಕಜಾಕ್ ಹೆಣ್ಣನ್ನು ಈ ವಯಸ್ಸಿನವರೆಗೆ ನಾನು ಕಂಡಿಲ್ಲ.

ಕೇಳಬೇಡ ಅಂದೆ, ನೀನು ಕೇಳಲಿಲ್ಲ. ಒಳ್ಳೆಯ ಸೊಸೆ.

ಮನೆಯಲ್ಲಿ ಉಳಿದದ್ದನ್ನು ನಾಯಿಯ ತಟ್ಟೆಗೆ ಸುರಿದುಬಿಟ್ಟೆ. ಅದು ಎರಡು ದಿನ ಕಳ್ಳರಿಗೂ ಬೊಗಳಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದ್ದೇನೆ. ಇನ್ನು ನಿನ್ನ ದಾರಿಯಲ್ಲಿ ನಾನಿಲ್ಲ. ರಕ್ತ ತಿಳಿಯಾಗಲಿ, ಅವಳು ಒಳಗೆ ಸೇರಲಿ. ಎಳ್ಳೆಣ್ಣೆಯೇ ಸಿಗಲಿ, ಪರವಾಗಿಲ್ಲ.

ಉರ್ಕಿಯಾ


ಅಲ್ಮಾಟಿ
ಆಗಸ್ಟ್ 6

ಅಪಾ,

ಬಹಳ ದಿನದಿಂದ ಬರೆಯಲಿಲ್ಲ. ನೀವು ಕಳಿಸಿದ ಒಣ ಮೊಸರಿನ ಕುರ್ತ್ ಉಂಡೆ, ಒಣಗಿಸಿದ ಮಾಂಸ ಎಲ್ಲ ಬಂತು. ಕಿಟಕಿಯ ವಿಷಯಕ್ಕೆ ನಾನು ಉತ್ತರ ಕೊಡಲಿಲ್ಲ. ಈಗಲೂ ಕೊಡುವುದಿಲ್ಲ.

ಜಾಡಿ ನಿಲ್ಲಿಸಿದ ಎರಡನೇ ವಾರ ಸೆಳವು ಮರಳಿ ಬಂತು. ಮೊದಲಿದ್ದ ಹಾಗೆ ಅಲ್ಲ. ಒಂದು ಮುಗಿಯುವ ಮುಂಚೆ ಇನ್ನೊಂದು. ಜೂನ್‌ನಲ್ಲಿ ಒಮ್ಮೆ ಬೆಳಗಿನ ಮೊದಲ ಒಲೆಯ ರೊಟ್ಟಿ ಹಾಕುವಾಗ ಶುರುವಾದದ್ದು ಮಧ್ಯಾಹ್ನದ ರೊಟ್ಟಿ ತೆಗೆಯುವಾಗಲೂ ನಿಂತಿರಲಿಲ್ಲ. ಆಂಬ್ಯುಲೆನ್ಸಿನಲ್ಲಿ ಕೊಂಡೊಯ್ದು ಸೂಜಿ ಹಾಕಿ ಮಲಗಿಸಿದರು. ಎದ್ದ ಮೇಲೆ ಮಕಾ ಎನ್ನಲಿಲ್ಲ. ಅಪಾ ಎಂದು ಮಾತ್ರ ಕೆಲವು ದಿನ ಅನ್ನುತ್ತಿದ್ದಳು, ಗೋಡೆಗೂ, ಹಿಟ್ಟಿನ ಚೀಲಕ್ಕೂ. ಈಗ ಅದೂ ಇಲ್ಲ. ನೀವು ಏಪ್ರಿಲ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದಿರಿ. ಆಗ ಅವಳು ಪ್ರತಿ ರಾತ್ರಿ ನಿಮ್ಮನ್ನು ಕೇಳುತ್ತಿದ್ದಳು. ಆ ಕಾಗದದಲ್ಲಿ ಬರೆಯಲು ಮನಸ್ಸಾಗಲಿಲ್ಲ.

ಇಷ್ಟಾದರೂ ಏನೂ ಕೊಡಲಿಲ್ಲ ನಾನು. ಶರತ್ಕಾಲ, ಶರತ್ಕಾಲ ಎಂದು ಜಪಿಸಿಕೊಂಡು ಕೂತೆ. ರಕ್ತ ತಿಳಿಯಾಯಿತು. ಕಳೆದ ವಾರ ಡಾಕ್ಟರ್ ಸೌಲೆ ರೊಟ್ಟಿ ಅಂಗಡಿಗೇ ಬಂದರು. ಬಂದದ್ದು ನೋಡಿಯೇ ತಿಳಿಯಿತು, ಒಳ್ಳೆಯ ಸುದ್ದಿಗೆ ಯಾರೂ ಅಷ್ಟು ದೂರ ನಡೆದು ಬರುವುದಿಲ್ಲ. ಕಂಪನಿಗೆ ಬೇಕಾದಷ್ಟು ಮಕ್ಕಳು ಸಿಕ್ಕಿದ್ದಾರಂತೆ. ಇನ್ನೊಂದು ತಂಡ ಇಲ್ಲ.

"ದುಡ್ಡು ಕೊಟ್ಟು ತರಿಸಬಹುದಾ?" ಎಂದೆ.

"ಈ ದೇಶದ ಔಷಧಗಳ ಪಟ್ಟೀಲಿ ಅದು ಇಲ್ಲ. ಪಟ್ಟೀಲಿ ಇಲ್ಲದ್ದನ್ನ ತರಿಸೋ ಹಾಗಿಲ್ಲ. ಇವಳೊಬ್ಬಳಿಗಾದ್ರೂ ಅನುಮತಿ ಕೊಡಿ ಅಂತ ಮೇಲಿನವರಿಗೆ ಬರೆದಿದ್ದೆ."

"ಏನಂದ್ರು?"

"ಪರೀಕ್ಷೆಗೆ ಸೇರಿಸಿ ಅಂದ್ರು."

ಅವರು ಒಂದು ರೊಟ್ಟಿ ಕೊಂಡರು. ದುಡ್ಡು ಬೇಡ ಎಂದರೂ ಇಟ್ಟು ಹೋದರು.

ಕಾರಗಂಡಿಯ ಹುಡುಗಿಯನ್ನು ಮೊನ್ನೆ ಆಸ್ಪತ್ರೆಯ ಅಂಗಳದಲ್ಲಿ ನೋಡಿದೆ. ಐಸ್‌ಕ್ರೀಮ್ ತಿನ್ನುತ್ತಾ ನಡೆದು ಹೋಗುತ್ತಿದ್ದಳು. "ನಿಜವಾದ ಎಣ್ಣೆನೇ ಸಿಕ್ಕಿರ್ಬೇಕು ಅದಕ್ಕೆ" ಎಂದಳು ಲ್ಯುದಾ. ಹೌದು ಎಂದೆ. ಆ ಮಗುವಿಗೆ ಕೆಟ್ಟದ್ದು ಬಯಸಲಿಲ್ಲ ಅಪಾ, ನಿಮ್ಮಾಣೆ. ಆದರೆ ಬೇಗನೆ ಬೇರೆ ಕಡೆ ನೋಡಿದೆ.

ನನ್ನ ಬಾಯಿಂದಲೇ ಬೇಡ ಎಂದಿದ್ದೆ, ಈಗ ನಾನೇ ಕೇಳುತ್ತಿದ್ದೇನೆ. ಜಾಡಿ ಕಳಿಸಿ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತು.

ಮಕ್ಪಾಲ್


ತಾಸ್‌ಕುದುಕ್
ಆಗಸ್ಟ್ 20

ಮಕ್ಪಾಲ್, ನನ್ನ ಮಗಳೇ,

ಜಾಡಿ ಇಲ್ಲ.

ಇದ್ದದ್ದನ್ನು ನಾಯಿಗೆ ಹಾಕಿದೆ ಅಂತ ಬರೆದಿದ್ದೆನಲ್ಲ, ಅದು ನಿಜ. ಹೊಸದು ಮಾಡಲು ಇದೇ ಕಾಲ, ಗಿಡ ಅಂಟು ಬಿಟ್ಟಿದೆ, ಕುದುರೆಯ ಮೇಲೆ ಕೂತವನೂ ಕಾಣದಷ್ಟು ಎತ್ತರ ನಿಂತಿದೆ. ಆದರೆ ಈ ಸಲ ಪ್ರತಿ ದಾರಿಗೂ ಪೊಲೀಸರ ಕಾವಲು. ನಮ್ಮ ಬೀದಿಯ ತುದಿಗೆ, ನಿನಗೆ ನೆನಪಿದ್ದಾನೆ, ಸಾಬಿಟ್‌ನ ಜೊತೆ ಓದಿದ ಬೆಕ್ಸುಲ್ತಾನ್, ಅವನನ್ನೇ ಹಾಕಿದ್ದಾರೆ. ನಿನ್ನ ಕಾಗದ ಬಂದ ಮರುದಿನ ಬೆಳಿಗ್ಗೆ ಚೀಲ ಕುಡುಗೋಲು ತೆಗೆದುಕೊಂಡು ಹೊರಟೆ.

"ಶೆಶೆ, ತಾಯೀ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ?" ಅಂತ ನನ್ನ ಕಿವಿಯ ಹತ್ತಿರ ಬಂದು ಕೂಗಿದ.

"ಹುಲ್ಲು ಕೊಯ್ಯೋಕೆ."

"ನಿಮ್ಮ ಹಸು ಮಾರಿ ಎರಡು ವರ್ಷ ಆಯ್ತಲ್ಲ. ಯಾವ ಹುಲ್ಲು?"

"ನಿಮ್ಮಪ್ಪನ ಗಡ್ಡ!"

"ಅದನ್ನ ಅಮ್ಮ ಆಗ್ಲೇ ಬೋಳಿಸಿದಾಳೆ. ಒಳಗೆ ನಡೀರಿ ಶೆಶೆ." ಕುಡುಗೋಲು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಸಾಬಿಟ್‌ನ ಕೈಗೆ ಕೋಳ ಹಾಕಿದೋನು ನಾನು. ಅವತ್ತಿಂದ ನಮ್ಮಮ್ಮ ನನಗೆ ಬಡಿಸುವಾಗ ತಟ್ಟೆ ಕುಕ್ತಾಳೆ. ನಿಮ್ಮ ಕೈಗೂ ಹಾಕಿಸಬೇಡಿ ನನ್ನಿಂದ."

ಮಗುವಿಗೆ ಅಂತ ಹೇಳಿದೆ. ಮೊದಲ ಸಲ ಆ ಗಿಡದ ಹೆಸರು ಹಿಡಿದೇ ಹೇಳಿದೆ. "ಹಿಡಿದ್ರೆ ಚೀಲ ನೋಡ್ತಾರೆ ಶೆಶೆ, ಯಾರಿಗೆ ಅಂತ ಕೇಳಲ್ಲ. ರೈಲಿಗೆ ಈಗ ಮೂಸಿ ನೋಡೋ ನಾಯಿ ಹತ್ತುತ್ತೆ. ಬಿಬಿನೂರ್ ಚೀಲದಲ್ಲಿ ಸಿಕ್ರೆ ಅವಳೂ ಹೋದ್ಲು" ಅಂದ.

ಆಮೇಲೆ ನಮ್ಮ ಜಗಲಿಯಲ್ಲಿ ಕೂತು ನಾನು ಕೊಟ್ಟ ಹಾಲು ಚಹಾ ಕುಡಿದ. ಅವನ ಬೆನ್ನ ಹಿಂದೆ ಬೇಲಿ, ಬೇಲಿಯಾಚೆ ಅದೇ. ಗಾಳಿ ಬಂದಾಗಲೆಲ್ಲ ಹೂವಿನ ಹುಡಿ ಹಾರಿ ಅವನ ಟೋಪಿಯ ಮೇಲೆ ಬೀಳುತ್ತಿತ್ತು. ಅವನು ಕೊಡವಿಕೊಳ್ಳುತ್ತಿದ್ದ, ಮತ್ತೆ ಬೀಳುತ್ತಿತ್ತು.

ನಾನು ಸೆರೆಗೆ ಹೋಗಲು ಹೆದರುವುದಿಲ್ಲ. ಆದರೆ ನಾನು ಹೋದರೆ ಅವಳನ್ನು ಕರೆತಂದು ಯಾರ ಕೈಗೆ ಕೊಡುತ್ತೀಯ?

ಬಂದುಬಿಡು. ಕೊಡಲು ನನ್ನ ಹತ್ತಿರ ಏನೂ ಇಲ್ಲ. ತಲೆಗೆ ಆಸರೆ ಕೊಡಲು ಎರಡು ಕೈ ಇವೆ, ನಿನ್ನವೆರಡು ಸೇರಿದರೆ ಸರದಿಯ ಮೇಲೆ ಮಲಗಬಹುದು. ಅವಳು ಇನ್ನು ನನ್ನವಳು ನಿನ್ನವಳು ಅಂತಿಲ್ಲ.

ಈ ಸಲ ಹೊರಗೆ ಬಂದು ನಿಂತಿರುತ್ತೇನೆ.

ಉರ್ಕಿಯಾ


ಅಲ್ಮಾಟಿ
ಆಗಸ್ಟ್ 30

ಅಪಾ,

ಗುರುವಾರದ ರೈಲಿಗೆ ಹೊರಡುತ್ತೇವೆ. ಈ ಕಾಗದ ನಮಗಿಂತ ಒಂದು ರೈಲು ಮುಂಚೆ ಬರುತ್ತದೆ.

ಒಳಕೋಣೆಯ ಮಂಚ ತೆಗೆಸಿ, ನೆಲದ ಮೇಲೆಯೇ ದಪ್ಪಗೆ ಹಾಸಿ. ಒಲೆಯ ಮೂಲೆಗೆ ಮೆತ್ತೆ ಕಟ್ಟಿ. ಅವಳು ನಿಮ್ಮನ್ನು ಗುರುತಿಸದಿದ್ದರೆ ಅವಳೆದುರು ಅಳಬೇಡಿ. ಮುಖದ ಗುರುತು ಹತ್ತದಿದ್ದರೂ ಅಳು ಅವಳಿಗೆ ತಿಳಿಯುತ್ತದೆ.

ಡಾಕ್ಟರ್ ಸೌಲೆ ಬೀಳ್ಕೊಡಲು ಬಂದಿದ್ದರು. ಮುಂದೆ ಎಂದಾದರೂ ಆ ಔಷಧ ಪಟ್ಟಿಗೆ ಸೇರಿದರೆ ತಿಳಿಸುತ್ತೇನೆ ಎಂದು ನಮ್ಮ ವಿಳಾಸ ಬರೆದುಕೊಂಡರು. ಹೇಳಿ ಬರೆಸಿದೆ. ಅವರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶು ನಿಲ್ದಾಣ ದಾಟಿದ ಮೇಲೆ ಹಳಿಯ ಎರಡೂ ಬದಿಗೆ ಆ ಗಿಡವೇ ನಿಂತಿರುತ್ತದಲ್ಲ, ಊರು ಬರುವವರೆಗೂ. ಅಲ್ಲಿ ಕಿಟಕಿ ತೆರೆದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳೋಣವೆಂದಿದ್ದೆ. ಗಾಳಿಗೆ ಯಾವ ಪಟ್ಟಿಯೂ ಇಲ್ಲ, ಕಾವಲೂ ಇಲ್ಲ. ಬಿಬಿನೂರ್‌ಗೆ ಹೇಳಿದೆ.

"ಹೊಸ ಬೋಗಿ ಹಾಕಿದಾರೆ ಕಣೇ, ಕಿಟಕಿ ತೆರೆಯೋದಿಲ್ಲ" ಎಂದಳು. ಗಾಜಿನ ಪಕ್ಕದ ಜಾಗ ಕೊಡಿಸುತ್ತಾಳಂತೆ.

ಮಕ್ಪಾಲ್